ನಾಲಿಗೆಯಡಿಯ ಮುತ್ತು

"ಅದನ್ನ ಮುಟ್ಟಬ್ಯಾಡಿ ದಣಿ," ಎಂದ ಮುದುಕ. ಒಚೋವಾ ಆಗಲೇ ಸೊಂಟದ ಚಾಕು ಹಿರಿದಿದ್ದ.

ಹೊರಗೆ ಸುಡು ಮಧ್ಯಾಹ್ನ. ಬಿಸಿಲು ಗುಹೆಯ ಬಾಯಿಯವರೆಗೆ ಬಂದು ಹೆದರಿದಂತೆ ಅಲ್ಲೇ ನಿಂತಿತ್ತು. ಒಳಗೆ ಕತ್ತಲು, ಬಾವಲಿ ಹಿಕ್ಕೆಯ ಘಾಟು, ಒಣಮೀನಿನಂಥ ಹಳಸಲು ವಾಸನೆ. ಸತ್ತವನೊಬ್ಬ ಮೊಣಕಾಲುಗಳನ್ನು ಎದೆಗೊತ್ತಿಕೊಂಡು ಬಂಡೆಗೊರಗಿ ಕುಳಿತಿದ್ದ. ಚರ್ಮ ಒಣಗಿ ಮೂಳೆಗಂಟಿತ್ತು. ಅರೆತೆರೆದ ಬಾಯೊಳಗೆ, ನಾಲಿಗೆಯಿದ್ದ ಜಾಗದಲ್ಲಿ, ಪಾರಿವಾಳದ ಕಣ್ಣಿನಷ್ಟು ದೊಡ್ಡ ಮುತ್ತು.

ಒಚೋವಾ ಈ ದ್ವೀಪಕ್ಕೆ ಹೊಸಬ. ಸ್ಪೇನಿನ ರಾಜನ ಹೆಸರಿನಲ್ಲಿ ಇಲ್ಲಿ ಮುತ್ತು ತೆಗೆಸುತ್ತಿದ್ದವರಲ್ಲಿ ಅವನ ಅಣ್ಣ ಮಚೀನನೂ ಒಬ್ಬ. ಅವನೇ ತಮ್ಮನನ್ನು ಕಡಲಾಚೆಯಿಂದ ಕರೆಸಿಕೊಂಡಿದ್ದ. ಮುದುಕ ಈ ನೆಲದವನೇ, ಕಡಲಲ್ಲಿ ಮುಳುಗಿ ಚಿಪ್ಪು ತರುವ ಗುಲಾಮ. ಪಾದ್ರಿಗಳು ಅವನಿಗಿಟ್ಟ ಹೆಸರು ತೊಮೆ. ತಾಯಿ ಇಟ್ಟ ಹೆಸರನ್ನು ಕೇಳಿದವರಿರಲಿಲ್ಲ.

ತೊಮೆ ತಡವರಿಸುತ್ತ ಹೇಳಿದ. ಹಿಂದೊಮ್ಮೆ ಮಳೆಯೇ ಬಾರದೆ ಜನ ನಾಲಿಗೆ ಹೊರಚಾಚಿ ಸತ್ತರಂತೆ. ಆಗ ಮಂತ್ರ ಬಲ್ಲ ಹೆಂಗಸರು ಇಡೀ ದ್ವೀಪದ ದಾಹವನ್ನು ಈ ಒಬ್ಬನ ಮೈಯೊಳಗೆ ಕಟ್ಟಿ, ನಾಲಿಗೆಯಡಿ ಮುತ್ತಿಟ್ಟು ಮುಚ್ಚಿದರಂತೆ. ಮುತ್ತು ತೆಗೆದವನ ಹಿಂದೆ ದಾಹ ಹೋಗುತ್ತದಂತೆ.

"ಇಷ್ಟೇ ತಾನೆ? ನಿಮ್ಮಜ್ಜಂಗೆ ಒಂದು ಚೊಂಬು ದ್ರಾಕ್ಷಾರಸ ಕಳಿಸ್ತೀನಿ ಬಿಡು," ಎಂದು ಒಚೋವಾ ನಕ್ಕ. ಚಾಕುವಿನ ಮೊನೆಯನ್ನು ಹಲ್ಲುಗಳ ನಡುವೆ ತೂರಿಸಿ ಮೀಟಿದ. ಮುತ್ತು ಅಂಗೈಗೆ ಬಿತ್ತು. ಸತ್ತವನ ಗಂಟಲಿನಿಂದ ಗುಟುಕ್ಕೆಂದು ಸದ್ದಾಯಿತು.

ಗಾಳಿಯಿರಬೇಕು ಎಂದುಕೊಂಡ ಒಚೋವಾ. ತಿರುಗಿ ನೋಡಿದಾಗ ತೊಮೆ ಅಲ್ಲಿರಲಿಲ್ಲ.

ಮನೆಗೆ ಬಂದವನೇ ಪೀಪಾಯಿಗೆ ಚೊಂಬು ಅದ್ದಿ ಗಟಗಟನೆ ಕುಡಿದ. ಉಪ್ಪು. ಥೂ ಎಂದು ಉಗಿದ. ಅದೇ ನೀರನ್ನು ಮಚೀನ್ ಈಗಷ್ಟೇ ಕುಡಿದಿದ್ದ, ಸಿಹಿಯಾಗಿಯೇ ಇತ್ತು. ಅವನು ಮತ್ತೆ ಬಾಯಿಗಿಟ್ಟು ನೋಡಿದ, ಮುಖ ಕಿವುಚಿಕೊಂಡ. ಪೀಪಾಯಿಗೆ ಹೇಗೋ ಕಡಲ ನೀರು ಸೇರಿರಬೇಕು ಎಂದುಕೊಂಡು ಇಬ್ಬರೂ ಪಕ್ಕದ ಮನೆಗೆ ಹೋದರು. ಒಚೋವಾನ ಚೊಂಬು ಮುಳುಗಿದ್ದೇ ತಡ, ಅಲ್ಲಿಯ ನೀರೂ ಉಪ್ಪಾಯಿತು.

ಆ ದ್ವೀಪದಲ್ಲಿ ಬಾವಿಯಿಲ್ಲ, ಹಳ್ಳವಿಲ್ಲ. ಕುಡಿಯುವ ನೀರು ಎದುರಿನ ದೊಡ್ಡ ನೆಲದ ನದಿಯಿಂದ ದೋಣಿಯಲ್ಲಿ ಬರಬೇಕು. ಒಂದೊಂದೇ ಪೀಪಾಯಿ ಕೆಟ್ಟಂತೆ ಜನ ಅವನಿಗೆ ಬಾಗಿಲು ಹಾಕತೊಡಗಿದರು. ಅವನ ತುಟಿ ಬಿರಿದು ರಕ್ತ ಜಿನುಗಿತು. ನೆಕ್ಕಿದರೆ ಅದೂ ಉಪ್ಪು.

ಒಚೋವಾ ಮುತ್ತು ಹಿಡಿದು ಗುಹೆಗೆ ಓಡಿದ. ಸತ್ತವನ ಬಾಯಿ ಮುಚ್ಚಿತ್ತು. ಹಲ್ಲಿಗೆ ಹಲ್ಲು ಕಚ್ಚಿತ್ತು. ಚಾಕು ತೂರಿಸಿದ, ಮುರಿಯಿತು. ಕಲ್ಲಿನಿಂದ ಕುಟ್ಟಿದ, ಕಲ್ಲು ಪುಡಿಯಾಯಿತು. ಆ ಒಣಮುಖದ ಮೇಲೆ ಈಗ ಹೊಟ್ಟೆತುಂಬ ನೀರು ಕುಡಿದವನ ತಣ್ಣನೆಯ ನೆಮ್ಮದಿಯಿತ್ತು.

ತೊಮೆ ದಡದಲ್ಲಿ ಚಿಪ್ಪು ಬಿಡಿಸುತ್ತ ಕುಳಿತಿದ್ದ. ಒಚೋವಾ ಕೊಳೆತ ಚಿಪ್ಪುಗಳ ನಡುವೆ ಅವನ ಕಾಲಿಗೆ ಬಿದ್ದ. ಮುದುಕ ಹಿಗ್ಗಲಿಲ್ಲ, ಬೈಯಲೂ ಇಲ್ಲ.

"ಬಿಡಿಸೋ ಮಂತ್ರ ನಮ್ಮಕ್ಕಂಗೆ ಗೊತ್ತಿತ್ತು ದಣಿ," ಎಂದ. "ನಿಮ್ಮೋರು ಅವಳನ್ನ ಮುತ್ತು ತರೋಕೆ ಅಂತ ನೀರಿಗಿಳಿಸಿದ್ರು. ಮೇಲೆ ಬರಲಿಲ್ಲ. ನಂಗೆ ಕಟ್ಟಿದ್ದು ಗೊತ್ತು, ಬಿಚ್ಚೋದು ಗೊತ್ತಿಲ್ಲ."

ನೀರಿನ ದೋಣಿ ಬಂದ ಬೆಳಿಗ್ಗೆ ದಡದ ತುಂಬ ದೊಣ್ಣೆ ಹಿಡಿದ ಜನ. ದ್ವೀಪದ ಅಧಿಕಾರಿ ಮಚೀನನನ್ನು ಪಕ್ಕಕ್ಕೆ ಕರೆದು, ಇವನನ್ನು ಸಾಗಿಸುತ್ತೀಯೋ, ನಾವೇ ಮುಗಿಸಲೋ ಎಂದು ಕೇಳಿದ. ಮಚೀನ್ ತಮ್ಮನ ತೋಳು ಹಿಡಿದು ಸಣ್ಣ ದೋಣಿಗೆ ಹತ್ತಿಸಿದ.

ದೂರದಲ್ಲಿ, ಕಡಲ ನಡುವಿನ ಮರಳುದಿಬ್ಬದಲ್ಲಿ ಇಳಿಸಿದಾಗ ಒಚೋವಾ ಕೇಳಿದ, "ಅಣ್ಣಾ, ಬರ್ತೀಯಲ್ಲ?"

"ಬರ್ತೀನಿ ಕಣೋ. ಅವ್ವನಾಣೆ." ಹಾಗೆಂದವನು ತಮ್ಮನ ಮುಖ ನೋಡಲಿಲ್ಲ.

ದೋಣಿ ತಿರುಗಿತು. ಆಗ ಮೋಡ ಮುಸುಕಿತು. ಹಗಲೇ ಕಪ್ಪಾಯಿತು. ಗುಡುಗು. ಒಂದು ಹನಿ. ಇನ್ನೊಂದು. ಮಳೆ! ದಪ್ಪ ದಪ್ಪ ಮಳೆ. ಒಚೋವಾ ಮಂಡಿಯೂರಿದ. ಬಾಯಿ ತೆರೆದ. ನಾಲಿಗೆ ಚಾಚಿದ.

ಉಪ್ಪು.

ಅಂಗೈ ಬೊಗಸೆ ಮಾಡಿದ. ಉಪ್ಪು. ಅಂಗಿ ಹಿಂಡಿದ. ಉಪ್ಪು.

ಅಲೆಗಳಾಚೆ ಮಚೀನ್ ಹುಟ್ಟು ಬಿಟ್ಟು, ತಲೆ ಹಿಂದಕ್ಕೆ ವಾಲಿಸಿ, ಕಣ್ಣು ಮುಚ್ಚಿ ಆಕಾಶದಿಂದ ಕುಡಿಯುತ್ತಿದ್ದ. ಅವನ ಗಂಟಲು ಏರಿಳಿಯುವುದು ಕಾಣುತ್ತಿತ್ತು. ಸಾಕಾಗುವಷ್ಟು ಕುಡಿದು ಕಣ್ಣು ತೆರೆದ. ಮರಳಿನ ಮೇಲೆ ಬಾಯಿ ತೆರೆದು ತನ್ನನ್ನೇ ನೋಡುತ್ತಿದ್ದ ತಮ್ಮನನ್ನು ಕಂಡ.

ತಲೆ ತಗ್ಗಿಸಿದ. ಮೊದಲಿಗಿಂತ ಜೋರಾಗಿ ಹುಟ್ಟು ಹಾಕತೊಡಗಿದ.