ಎಬಿನ್ ತಡೆದ ಬಿಡುಗಡೆ

ಎಬಿನ್ ಮೂರನೆಯ ಸಲವೂ ‘ಬೇಡ’ ಎಂದು ಬರೆದಿದ್ದ.

ಕೂತಿದ್ದದ್ದು ನನ್ನ ಎದುರಿನ ಮೇಜಿನಲ್ಲೇ. ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ನಮ್ಮ ಗುಂಪಿನಲ್ಲಿ ಏನೇ ಇದ್ದರೂ ಎಲ್ಲರಿಗೂ ಹೋಗುವ ಮೇಲ್‌ನಲ್ಲಿ ಬರೆಯಬೇಕು. ಕಿವಿಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಹಾಗಾಗಿ ತ್ರಿಶೂರಿನ ಬೇಕರಿಯ ಮೇಲಿನ ಆ ಕೋಣೆಯಲ್ಲಿ, ಎರಡು ಮಾರು ದೂರದಿಂದ ನನಗೆ ಮೇಲ್ ಕಳಿಸಿ, ಲ್ಯಾಪ್‌ಟಾಪಿನ ಮೇಲಿಂದ ಒಮ್ಮೆ ಇಣುಕಿ, ನಾನು ನೋಡಿದೊಡನೆ ತಲೆ ತಗ್ಗಿಸಿದ.

"ಈ ಸಲ ಏನಪ್ಪಾ ನಿನ್ನ ತಕರಾರು?"

"ಬರ್ದಿದ್ದೀನಲ್ಲ."

"ಓದೋಕೆ ನಂಗೂ ಬರುತ್ತೆ. ನಿನ್ನ ಬಾಯಿಂದ ಕೇಳ್ಬೇಕು."

"ಪ್ರಶ್ನೇನ ಪ್ರಶ್ನೆ ಥರ ಓದ್ತಿಲ್ಲ," ಎಂದ. ಅವನ ಕಿವಿ ಕೆಂಪಾಗಿತ್ತು. "ಎಲ್ಲಾನೂ ಒಂದೇ ರಾಗ."

ನಮ್ಮವು ಮಲಯಾಳಂ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಮೂರು ಲೈಬ್ರರಿಗಳು. ಯಾರು ಬೇಕಾದರೂ ತಮ್ಮ ಆ್ಯಪ್‌ಗೆ ಪುಕ್ಕಟೆಯಾಗಿ ಜೋಡಿಸಿಕೊಳ್ಳಬಹುದಾದ ಕೋಡ್. ಅಮ್ಮ ಮಾತ್ರ ಬೀದಿಗೆಲ್ಲ ‘ನಿಮ್ಮಿ ಲೈಬ್ರರಿಯಲ್ಲಿದ್ದಾಳೆ’ ಎಂದು ಹೇಳಿ, ಪಕ್ಕದ ಮನೆಯ ಮೇರಿ ಚೇಚಿ ನನ್ನ ಹತ್ತಿರ ಕಾದಂಬರಿ ಕೇಳುವ ಹಾಗೆ ಮಾಡಿದ್ದಳು.

ಹೊಸ ಆವೃತ್ತಿಗೆ ಅಂಧ ಮಕ್ಕಳ ಶಾಲೆಯೊಂದು ಕಾಯುತ್ತಿತ್ತು. ಜೂನ್ ಒಂದಕ್ಕೆ ತರಗತಿ ಶುರು. ಅಲ್ಲಿನ ಟೀಚರ್ ದಿನ ಬಿಟ್ಟು ದಿನ ಫೋನ್ ಮಾಡಿ, "ಆಯ್ತಾ ಮೋಳೇ?" ಎಂದು ಮಗಳನ್ನು ಕೇಳುವಂತೆ ಕೇಳುತ್ತಿದ್ದರು. ಬಿಡುಗಡೆಯ ಹೊಣೆ ನನಗೆ ಸಿಕ್ಕಿದ್ದು ಇದೇ ಮೊದಲ ಸಲ. ಕರಡನ್ನು ಮೂರು ದಿನ ಎಲ್ಲರ ಮುಂದಿಡಬೇಕು, ಮೂರು ‘ಸರಿ’ ಬರಬೇಕು. ಕಾರಣ ಕೊಟ್ಟು ಒಬ್ಬರು ‘ಬೇಡ’ ಎಂದರೂ ಮತ್ತೆ ಮೊದಲಿಂದ.

ಪ್ರತಿ ‘ಬೇಡ’ದ ನಂತರವೂ ಎಬಿನ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಬರುತ್ತಿದ್ದ, ತಪ್ಪು ತಿದ್ದಲು. ಬರುವಾಗ ಬಿಸಿ ಪಳಂಪೊರಿ, ಅದೇ ಬಾಳೆಹಣ್ಣಿನ ಬಜ್ಜಿ, ತರುತ್ತಿದ್ದ. ನನ್ನ ಕೀಬೋರ್ಡ್ ಮುಟ್ಟುವ ಮುಂಚೆ ಒಂದೊಂದೇ ಬೆರಳನ್ನು ಕರವಸ್ತ್ರದಿಂದ ಒರೆಸಿಕೊಳ್ಳುತ್ತಿದ್ದ. ಆ ಬೆರಳುಗಳನ್ನು ನಾನು ಎಷ್ಟು ಹೊತ್ತು ನೋಡುತ್ತಿದ್ದೆನೆಂದು ಹೇಳಲು ನಾಚಿಕೆಯಾಗುತ್ತದೆ. ಕೆಲಸ ಕೆಟ್ಟಿತೆಂದು ಸಿಟ್ಟು, ಅವನು ಬಂದನೆಂದು ಖುಷಿ. ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ.

ಅಂದು ಅವನು ಚಹಾ ತರಲು ಕೆಳಗಿಳಿದಾಗ, ಅವನು ಸೇರಿಸಿದ್ದ ಕೋಡನ್ನು ತೆರೆದೆ. ಪ್ರತಿ ತಪ್ಪಿಗೂ ಅವನು ಒಂದೊಂದು ಪರೀಕ್ಷೆ, ಎಂದರೆ ಆ ತಪ್ಪನ್ನು ಹಿಡಿದು ತೋರಿಸುವ ಪುಟ್ಟ ಕೋಡ್, ಬರೆದು ಕೊಟ್ಟಿದ್ದ. ನಮ್ಮ ದಾಖಲೆಯಲ್ಲಿ ಕೋಡ್ ಬರೆದ ದಿನ ಬೇರೆ, ಸೇರಿಸಿದ ದಿನ ಬೇರೆ ಉಳಿಯುತ್ತದೆ. ಸೇರಿಸಿದ್ದು ಮೇ ಎಂಟು, ಹದಿನಾರು, ಇಪ್ಪತ್ತನಾಲ್ಕು. ಬರೆದದ್ದು ಮೂರನ್ನೂ ಮೇ ಆರಕ್ಕೆ.

ಎರಡು ಗ್ಲಾಸು ಹಿಡಿದು ಬಂದವನನ್ನು ಬಾಗಿಲಲ್ಲೇ ಕೇಳಿದೆ.

"ಮೂರೂ ತಪ್ಪು ಮೊದಲೇ ಗೊತ್ತಿತ್ತಾ ನಿಂಗೆ?"

ಅವನು ಗ್ಲಾಸುಗಳನ್ನು ಕೆಳಗಿಟ್ಟ. ಸುಳ್ಳು ಹೇಳಲಿಲ್ಲ. "ಹೂಂ."

"ಮತ್ತೆ ಒಂದೊಂದೇ ಕೊಟ್ಟಿದ್ದೀಯ? ಯಾಕೆ?"

ಅವನು ಕಿಟಕಿ ನೋಡಿದ, ಚಹಾ ನೋಡಿದ, ಬೇರೆ ಏನೂ ಸಿಗದೆ ನನ್ನನ್ನು ನೋಡಿದ. "ಒಂದೊಂದು ತಪ್ಪಿಗೆ ನಾಲ್ಕೈದು ದಿನ ನಿನ್ನ ಪಕ್ಕ ಕೂತಿದ್ದೆ."

ನನ್ನ ಹಾಳು ಎದೆ ಒಮ್ಮೆ ಹಾರಿತು. ಅದಕ್ಕೇ ಇನ್ನಷ್ಟು ಕೋಪ ಬಂತು.

"ಅಲ್ಲಿ ಮಕ್ಕಳು ಕಾಯ್ತಿದ್ದಾರೆ ಎಬಿನ್. ಟೀಚರ್‌ಗೆ ಉತ್ತರ ಕೊಟ್ಟೋಳು ನಾನು. ನಿಂಗೆ ಪಕ್ಕ ಕೂರೋ ಆಸೆ!"

"ಗೊತ್ತು."

"ಏನೂ ಗೊತ್ತಿಲ್ಲ ನಿಂಗೆ. ಆ ಕಡೆ ಹೋಗಿ ಕೂತ್ಕೋ."

ರಾತ್ರಿಯಿಡೀ ಕೂತು ತಪ್ಪನ್ನು ಒಬ್ಬಳೇ ತಿದ್ದಿದೆ. ಮರುದಿನ ನಾಲ್ಕನೆಯ ಕರಡು ಹೊರಗಿಟ್ಟೆ. ಮುಂದಿನ ಮೂರು ದಿನ ಮಾತಿಲ್ಲ. ಅವನು ದೂರದ ಮೇಜಿನಲ್ಲಿ, ನಾನು ಇಲ್ಲಿ. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆಂದು ತಿಳಿಯುತ್ತಿರಲಿಲ್ಲ. ಒಂದು ನಿಮಿಷಕ್ಕೆ ನಾಲ್ಕು ಸಲ ಮೇಲ್ ನೋಡುತ್ತಿದ್ದೆ. ಅವನು ಕೆಮ್ಮಿದರೂ ಕಿವಿ ನೆಟ್ಟಗಾಗುತ್ತಿತ್ತು.

ಗಡುವು ಮುಗಿಯುವ ದಿನ ಸಂಜೆ ನಾಲ್ಕಕ್ಕೆ ಎರಡು ‘ಸರಿ’ ಬಂದಿದ್ದವು: ಲೈಬ್ರರಿ ಶುರುಮಾಡಿದ ಮೇಷ್ಟ್ರು ಔಸೇಪ್ ಮಾಷ್ ಅವರದು, ಕಣ್ಣೂರಿನ ಒಬ್ಬರದು. ಮತದ ಹಕ್ಕಿದ್ದ ಮೂವರಲ್ಲಿ ಉಳಿದವನು ಎಬಿನ್ ಮಾತ್ರ. ಅವನು ಬರೆಯುವುದು, ಅಳಿಸುವುದು ನನಗೆ ಕೇಳಿಸುತ್ತಿತ್ತು. ಕೊನೆಗೆ ಮೇಲ್ ಬಂತು.

‘ಸರಿ. ಮೂರೂ ತಪ್ಪು ನನಗೆ ಮೇ ಆರಕ್ಕೇ ಗೊತ್ತಿತ್ತು, ಒಂದೊಂದಾಗಿ ಕೊಟ್ಟೆ. ತಡವಾಗಿದ್ದು ನನ್ನಿಂದ, ನಿಮ್ಮಿಯಿಂದಲ್ಲ. ಕ್ಷಮಿಸಿ.’

ಎರಡೇ ನಿಮಿಷದಲ್ಲಿ ಮಾಷ್ ಉತ್ತರಿಸಿದರು: ‘ಕಾರಣ ಎಲ್ಲಿ?’

ಮೂರು ದಿನಗಳಲ್ಲಿ ಮೊದಲ ಬಾರಿಗೆ ಎಬಿನ್ ನನ್ನತ್ತ ತಿರುಗಿದ. ಮುಖ ಬಿಳಿಚಿಕೊಂಡಿತ್ತು. "ಏನ್ ಬರೀಲಿ?"

"ನಿಜ ಬರಿ."

"ನಾನೂರು ಜನ ಓದ್ತಾರೆ ನಿಮ್ಮಿ."

"ಮೂರು ವಾರದಿಂದ ಅಷ್ಟೂ ಜನ ನನ್ನನ್ನ ಬೈಕೊಂಡಿದ್ದಾರೆ. ಬರಿ."

ಬರೆದ. ಈ ಸಲ ಅಳಿಸಲಿಲ್ಲ.

‘ಬಿಡುಗಡೆಯಾದರೆ ನಿಮ್ಮಿಯ ಪಕ್ಕ ಕೂರಲು ನೆಪ ಇರುತ್ತಿರಲಿಲ್ಲ. ಅವಳನ್ನು ಪ್ರೀತಿಸುತ್ತೇನೆ. ಅದನ್ನು ಅವಳಿಗೆ ಮೊದಲೇ ಹೇಳಬೇಕಿತ್ತು, ತಪ್ಪುಗಳನ್ನು ನಿಮಗೆಲ್ಲ ಮೊದಲೇ ಹೇಳಬೇಕಿತ್ತು. ಎರಡನ್ನೂ ಮಾಡಲಿಲ್ಲ.’

ಓದಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ. ಬೆರಳ ಸಂದಿಯಿಂದ ಮಾಷ್ ಬರೆದದ್ದು ಕಂಡಿತು: ‘ಕಾರಣ ಒಪ್ಪಿಗೆ. ನಡತೆ ಒಪ್ಪಿಗೆಯಿಲ್ಲ. ಮೋಳೇ, ಬಿಡುಗಡೆ ಮಾಡು.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಬಿಡುಗಡೆಯೂ ಅಷ್ಟೇ. ಒಮ್ಮೆ ಹೊರಬಿದ್ದ ಆವೃತ್ತಿಯನ್ನು ಅದೇ ಸಂಖ್ಯೆಯಲ್ಲಿ ಮತ್ತೆ ತಿದ್ದಿ ಕೊಡುವಂತಿಲ್ಲ. ಮೂರೂ ಲೈಬ್ರರಿಗಳನ್ನು ಒಂದರ ಹಿಂದೊಂದು ಕಳಿಸಿದೆ. ಟೀಚರ್‌ಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಅವರೇ ತಿರುಗಿ ಫೋನ್ ಮಾಡಿ, ಮಾತಾಡದೆ, ಕಂಪ್ಯೂಟರು ಮೊದಲ ಪಾಠ ಓದುವುದನ್ನು ಕೇಳಿಸಿದರು. ನಾನು ಕಣ್ಣೊರೆಸಿಕೊಂಡೆ.

ಎಬಿನ್ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದ.

"ಹೊರಟೆ. ಕೆಲಸ ಮುಗೀತಲ್ಲ."

"ನಾಳೆ ಎಷ್ಟೊತ್ತಿಗೆ ಬರ್ತೀಯ?"

ಅವನು ಗಾಬರಿಯಾದ. "ಯಾಕೆ, ಮತ್ತೇನಾದ್ರೂ ತಪ್ಪು ಸಿಕ್ತಾ?"

"ಇಲ್ಲ," ಎಂದೆ, ಪಕ್ಕದ ಕುರ್ಚಿಯ ಮೇಲಿದ್ದ ನನ್ನ ಚೀಲವನ್ನು ಎತ್ತಿ ಕೆಳಗಿಡುತ್ತಾ. "ತಪ್ಪಿಲ್ದಿದ್ರೂ ಬಾ."