ನಾಲ್ಕನೇ ದಿನದ ಸ್ನಾನ

2006ರ ಜನವರಿ 12, ಗುರುವಾರ. ಬೆಳಿಗ್ಗೆ 9.40ಕ್ಕೆ ತಾರ್ನಾಕದ ಠಾಣೆಗೆ ಜಯತೀರ್ಥ ಎಂಬುವರು ಬಂದರು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ವಯಸ್ಸು ಮೂವತ್ತೊಂದು. ಪ್ಯಾಂಟು ಮೊಣಕಾಲತನಕ ಒದ್ದೆಯಾಗಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ತೆಲುಗಿನಲ್ಲಿ ಎರಡು ಮಾತು ಆಡಿ ಮೂರನೆಯದಕ್ಕೆ ತಡವರಿಸಿದಾಗ ಇನ್ಸ್‌ಪೆಕ್ಟರ್ ಸೂಗಪ್ಪ ಪೆನ್ನು ಕೆಳಗಿಟ್ಟರು.

“ಕನ್ನಡದಾಗ ಹೇಳ್ರಿ. ನಮ್ಮದೂ ಜಹೀರಾಬಾದ್ ಕಡೆ.”

“ನನ್ನ ಹೆಂಡತಿ ಗೋದಾವರಿ ಬಚ್ಚಲಮನ್ಯಾಗ ಸತ್ತಾಳ್ರಿ. ಗ್ಯಾಸ್ ಗೀಜರ್ ಕೂಡಿಸಿದಾಂವ ಸರಿ ಕೂಡಿಸಿಲ್ಲ. ಆ ವೀರಭದ್ರಪ್ಪನ್ನ ಬಿಡಬ್ಯಾಡ್ರಿ.”

ಗೀಜರನ್ನು ಸುಲ್ತಾನ್ ಬಜಾರಿನಲ್ಲಿ ಕೊಂಡು ಹತ್ತೊಂಬತ್ತು ದಿನವಾಗಿತ್ತು. ಗೋದಾವರಿ ಬೆಳಿಗ್ಗೆ 6.15ಕ್ಕೆ ಸ್ನಾನಕ್ಕೆ ಹೋಗಿದ್ದಳು. ಹಾಲು ತರಲು ಹೋಗಿದ್ದ ಜಯತೀರ್ಥ 7.10ಕ್ಕೆ ಮರಳಿದಾಗ ತಾಯಿ ತುಳಸಾಬಾಯಿ ನಡುಮನೆಯಲ್ಲಿ ನಿಂತಿದ್ದರು. “ಇನ್ನೂ ಹೊರಗ ಬಂದಿಲ್ಲ ನೋಡು” ಎಂದರು. ಮಗ ಬಾಗಿಲು ಮುರಿದ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದ ಮೇಲೆ ವೀರಭದ್ರಪ್ಪನ ಹೆಸರಿನಲ್ಲಿ ಎಫ್‌ಐಆರ್ ದಾಖಲಾಯಿತು.

ಮದುವೆಯಾಗಿ ಎರಡೇ ವರ್ಷವಾಗಿತ್ತು; ಏಳು ವರ್ಷದೊಳಗಿನ ಸಾವಿಗೆ ಇರುವ ನಿಯಮದಂತೆ ಕಂದಾಯ ಅಧಿಕಾರಿಯ ಸಮ್ಮುಖದಲ್ಲಿ ಪಂಚನಾಮೆ ನಡೆಯಿತು. ಐದಡಿ ಆರಡಿಯ ಬಚ್ಚಲು. ಮೂಲೆಗೆ ಉರುಳಿದ ಹಿತ್ತಾಳೆ ತಂಬಿಗೆ. ಗೀಜರಿನ ಹೊಗೆ ಕೊಳವೆ ಗೋಡೆ ದಾಟಿ ಹಿತ್ತಲಿಗೆ ಹೋಗಿತ್ತು. ಒಳಗಿನಿಂದ ಟಾರ್ಚು ಹಿಡಿದರೆ ಬೆಳಕು ಹೊರಗೆ ಬೀಳುತ್ತಿತ್ತು. ಕಿಟಕಿಗೆ ಮಾತ್ರ ರಟ್ಟು ಅಂಟಿಸಿತ್ತು.

“ಇದನ್ನ ಯಾರು ಹಚ್ಚಿದ್ರು?”

ಜಯತೀರ್ಥ ನೆಲ ನೋಡಿದರು. “ನಾನ ರಿ. ಚಳಿ ಭಾಳ ಅಂದಳು.”

ಮಧ್ಯಾಹ್ನ ವೀರಭದ್ರಪ್ಪನನ್ನು ಕರೆತಂದರು. ಹುಮನಾಬಾದ್ ಕಡೆಯವನು, ಹದಿನಾರು ವರ್ಷದಿಂದ ಇದೇ ಕೆಲಸ. ಪಾನಾ, ಸ್ಕ್ರೂಡ್ರೈವರುಗಳ ಚೀಲ ಜಪ್ತಿಯಾಗಿ ಮೇಜಿನ ಮೇಲಿತ್ತು. ಅವನ ಕಣ್ಣು ಅದರ ಮೇಲೇ ಇತ್ತು.

“ವೈರಿಂಗ್ ತಪ್ಪಿತ್ತೇನು?”

“ಇಲ್ರಿ ಸಾಹೇಬ್ರ. ಬೆಂಕಿ ಆರಿದ್ರ ಗ್ಯಾಸ್ ನಿಲ್ಲಿಸೋ ವೈರ್ ಐತಿ. ಹೊಗಿ ಒಳಗ ತಿರುಗಿದ್ರ ಗೊತ್ತಾಗೋದು ಈ ಮಾಡೆಲ್‌ನಾಗ ಇಲ್ಲ. ಅದಕ್ಕ ಹೇಳಿದ್ದೆ, ಕಿಟಕಿ ತೆರೀರಿ, ಕೊಳವಿ ಬಾಯಿ ಮುಚ್ಚಬ್ಯಾಡ್ರಿ, ಆ ಹೊಗಿಗೆ ವಾಸನಿ ಇರಂಗಿಲ್ಲ, ಜೀವ ಹೋಗತೈತಿ ಅಂತ. ಮುದುಕವ್ವನೂ ಅಲ್ಲೇ ನಿಂತಿದ್ಲು.”

“ಸಿಕ್ಕಮ್ಯಾಲೆ ಎಲ್ಲಾರೂ ಹೇಳಿದ್ದೆ ಅಂತಾರ” ಎಂದಳು ಕಾನ್‌ಸ್ಟೆಬಲ್ ಬಸಲಿಂಗಮ್ಮ.

“ಅಕ್ಕಾ, ಹತ್ತೊಂಬತ್ತು ದಿನ ಮೂರೂ ಮಂದಿ ಅದ ಬಚ್ಚಲದಾಗ ಜಳಕ ಮಾಡ್ಯಾರ. ಅವತ್ತೊಂದ ದಿನ ಏನಾತು, ಅದನ್ನ ಕೇಳ್ರಿ. ನನ್ನ ಹೆಸರು ಕೆಟ್ರ ಈ ಊರಾಗ ಯಾರೂ ಹೊಸಲಿ ದಾಟಿಸಂಗಿಲ್ಲ.”

13ರಂದು ಮರಣೋತ್ತರ ವರದಿ ಬಂತು. ಗಾಯವಿಲ್ಲ, ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್.

14ರಂದು ಬೆಳಿಗ್ಗೆ ವೀರಭದ್ರಪ್ಪನನ್ನೇ ಕರೆದುಕೊಂಡು, ಪಂಚರು ಮತ್ತು ಬಸಲಿಂಗಮ್ಮನೊಂದಿಗೆ ಸೂಗಪ್ಪ ಮತ್ತೆ ಆ ಮನೆಗೆ ಹೋದರು. ಕಿಟಕಿಯ ರಟ್ಟು ಹಾಗೇ ಇತ್ತು. ಬಾಗಿಲು ತೆರೆದಿಟ್ಟು ಗೀಜರ್ ಹೊತ್ತಿಸಿ, ಕೊಳವೆ ಕೂಡುವ ಮೇಲಿನ ಸಂದಿಗೆ ಉರಿಯುವ ಊದುಬತ್ತಿ ಹಿಡಿದರು. ಹೊಗೆ ದಾರದಂತೆ ಕೊಳವೆಯೊಳಗೆ ಎಳೆದುಕೊಂಡು ಹೋಯಿತು. ವೀರಭದ್ರಪ್ಪ ಹಿತ್ತಲಿಗೆ ಹೋಗಿ ಕೊಳವೆಯ ಬಾಯಿಗೆ ತನ್ನ ಕೆಂಪು ಟವೆಲ್ ಒತ್ತಿದ. ಊದುಬತ್ತಿಯ ಹೊಗೆ ತಿರುಗಿ ಸೂಗಪ್ಪನವರ ಮುಖಕ್ಕೆ ಬಂತು.

“ಬಾಯಿ ಕಟ್ಟಿದ್ರಷ್ಟ ಹಿಂಗ, ಸಾಹೇಬ್ರ!” ಗೋಡೆಯಾಚೆಯಿಂದ ಕೂಗಿದ.

ಸೂಗಪ್ಪ ಹಿತ್ತಲಿಗೆ ಬಂದರು. ಕೊಳವೆಯ ಬಾಯಿಯೊಳಗೆ ಒಂದು ಗೇಣು ಮಸಿ ಉಜ್ಜಿಹೋಗಿತ್ತು. ಅಂಚಿಗೆ ಎರಡು ಬಿಳಿ ಎಳೆ ಸಿಕ್ಕಿಕೊಂಡಿದ್ದವು. ತಲೆಯ ಮೇಲೆ ಬಟ್ಟೆ ಒಣಹಾಕುವ ಎತ್ತರದ ಗಳ. ಅದರಲ್ಲಿ ಒಂಟಿ ಸೀರೆ, ಒಣಗಿ ಬಿರುಸಾಗಿತ್ತು. ಎರಡು ದಿನದಿಂದ ಯಾರೂ ತೆಗೆದಿರಲಿಲ್ಲ. ಸಾವಿನ ಸೂತಕ, ಹತ್ತು ದಿನ ಆ ಮನೆಯಲ್ಲಿ ಮಡಿ ಇಲ್ಲ.

ಸೂಗಪ್ಪನವರ ಊರಲ್ಲಿ ಕುಲಕರ್ಣಿಯವರ ಮನೆಯಿತ್ತು. ಹುಡುಗನಾಗಿದ್ದಾಗ ಇವರು ಎಸೆದ ಚೆಂಡು ಗಳಕ್ಕೆ ತಾಕಿ, ಮೈಲಿಗೆಯಾಯಿತೆಂದು ಅಂದು ಹರವಿದ್ದೆಲ್ಲ ಮತ್ತೆ ನೀರಿಗೆ ಬಿದ್ದಿತ್ತು. ಆ ಮನೆಯ ಅಜ್ಜಿ ಬಟ್ಟೆಯನ್ನು ಕೈಯಿಂದ ಗಳಕ್ಕೆ ಹಾಕುತ್ತಿರಲಿಲ್ಲ, ಕೋಲಿನಿಂದ ಏರಿಸುತ್ತಿದ್ದಳು.

ಇಲ್ಲಿಯೂ ಮಡಿಕೋಲು ಗೋಡೆಗೆ ಒರಗಿತ್ತು. ಅದರ ತುದಿ ಕಪ್ಪಾಗಿತ್ತು. ಬೇರೆ ದಿನವಾಗಿದ್ದರೆ ಅದನ್ನು ಆಗಲೇ ತೊಳೆದಿರುತ್ತಿದ್ದರು.

ಸೂಗಪ್ಪ ಮಗನನ್ನು ಕರೆದರು. “ಗುರುವಾರ ಏನು ಬ್ಯಾರೆ ಇತ್ತು?”

ಜಯತೀರ್ಥ ಸಂಕೋಚಪಟ್ಟರು. “ಆಕೀದು… ನಾಲ್ಕನೇ ದಿನ ರಿ. ತಲಿ ಮ್ಯಾಲೆ ನೀರು.”

ತುಳಸಾಬಾಯಿ ಹಿತ್ತಲ ಬಾಗಿಲಲ್ಲಿ ಕೂತಿದ್ದರು. ಅರವತ್ತೆರಡು ವರ್ಷ, ಕೃಶ ದೇಹ.

“ಅಮ್ಮಾ, ಈ ಕೋಲಿಗೆ ಮಸಿ ಹೆಂಗ ಹತ್ತೇದ?”

ಪಕ್ಕದ ಮನೆಯ ಕುಕ್ಕರ್ ಎರಡು ಸಲ ಕೂಗಿತು.

“ಮುಟ್ಟಾದಾಕಿ ಮಿಂದ ಹಬಿ ಆ ಕೊಳವಿಯಿಂದ ಬರ್ತದ. ನನ್ನ ಮಡಿ ಸೀರಿ ಆಗಷ್ಟ ಗಳಕ್ಕ ಹಾಕಿದ್ದೆ. ಅದಕ್ಕ ಹಬಿ ತಾಕಬಾರ್ದು, ಒಂದು ಗಳಿಗಿ ಅಂತ ಹಳೇ ಪಂಚಿ ತುರುಕಿದೆ.”

“ಮುಚ್ಚಬ್ಯಾಡ್ರಿ ಅಂತ ಇಂವ ಹೇಳಿದ್ದು ಕೇಳಿದ್ರಿಲ್ಲೋ?”

“ಕೇಳಿದ್ದೆ.”

“ಯಾವಾಗ ತೆಗೆದ್ರಿ?”

“ತಂಬಿಗಿ ಬಿದ್ದ ಸಪ್ಪಳಾತು. ‘ಗೋದೂ’ ಅಂದೆ. ಓ ಅನ್ನಲಿಲ್ಲ. ಓಡಿ ಬಂದು ಕೋಲಿಲೆ ಜಗ್ಗಿದೆ. ಗಾಳಿ ಆಡಲಿ ಅಂತ.”

“ಬಾಗಿಲಾ ಬಡೀಲಿಲ್ಲ? ಬಾಜೂದವರನ್ನ ಕರೀಲಿಲ್ಲ?”

“ಮಡಿಯೊಳಗಿದ್ದೆ. ಜಯಾ ಬರ್ತಾನ ಅಂತ ದಾರಿ ಕಾದೆ.”

ತಂಬಿಗೆ ಬಿದ್ದಾಗ ದೇವರ ಮನೆಯ ಗಡಿಯಾರದಲ್ಲಿ 6.40 ಆಗಿತ್ತಂತೆ. ಮಗ ಬರುವತನಕ ಅರ್ಧ ಗಂಟೆ. ಜಯತೀರ್ಥ ಗೋಡೆ ಹಿಡಿದು ಕುಕ್ಕರಿಸಿದರು. “ಅವ್ವಾ” ಎಂದರು.

ಒಗೆಯುವ ಕಲ್ಲಿನ ಹಿಂದೆ ಅಂಚು ಕಂದಿದ ಪಂಚೆಯ ತುಂಡು ಸಿಕ್ಕಿತು. ಕೋಲು, ತುಂಡು, ಎರಡು ಎಳೆ ಜಪ್ತಿಯಾದವು. ಮಧ್ಯಾಹ್ನ 12.20ಕ್ಕೆ ತುಳಸಾಬಾಯಿಯವರ ಬಂಧನದ ಪತ್ರಕ್ಕೆ ಮಗ ಸಾಕ್ಷಿ ಸಹಿ ಹಾಕಿದ. ಜೀಪಿನಲ್ಲಿ ತಂದಿದ್ದ ವೀರಭದ್ರಪ್ಪನ ಚೀಲ ಮರಳಿ ಅವನ ಕೈಗೆ ಬಂತು. ಅವನು ತೆರೆದು ನೋಡಲಿಲ್ಲ, ಎದೆಗೆ ಒತ್ತಿ ಹಿಡಿದುಕೊಂಡು ನಿಂತ.

ತುಳಸಾಬಾಯಿ ಮೂವತ್ತನಾಲ್ಕಕ್ಕೆ ಗಂಡನನ್ನು ಕಳೆದುಕೊಂಡವರು. ಭಾವನ ಮನೆಯಲ್ಲಿ ಬೇಯಿಸುತ್ತ ಮಗನನ್ನು ಬೆಳೆಸಿದರು. ಆ ಮನೆಯಲ್ಲಿ ಯಾರೂ ಎದುರಾಡದೆ ಒಪ್ಪಿದ್ದು ಅವರ ಮಡಿಯೊಂದನ್ನೇ. ಮಡಿಯಲ್ಲಿದ್ದಷ್ಟು ಹೊತ್ತು ದೊಡ್ಡವರೂ ದೂರ ಸರಿದು ದಾರಿ ಬಿಡುತ್ತಿದ್ದರು. ಸೊಸೆ ಬಂದು ಒಲೆ ಅವಳ ಕೈಗೆ ಹೋದಮೇಲೆ ಉಳಿದದ್ದು ಗಳದ ಮೇಲಿನ ಆ ಸೀರೆ. ಇದನ್ನು ಸೂಗಪ್ಪ ಕೇಸ್ ಡೈರಿಯಲ್ಲಿ ಬರೆಯಲಿಲ್ಲ. ಬರೆಯಲು ಅಲ್ಲಿ ಕಾಲಮ್ಮು ಇರಲಿಲ್ಲ.

ಜೀಪು ಗೇಟಿನ ಹೊರಗೆ ನಿಂತಿತ್ತು. ಬಸಲಿಂಗಮ್ಮ ಅವರನ್ನು ಹಿಡಿಯಲು ಕೈ ಚಾಚಿ, ಅರ್ಧಕ್ಕೇ ತಡೆದಳು.

“ಹಿಡಿಯವಾ, ಸೂತಕ ಅದ, ಈಗ ಮಡಿ ಇಲ್ಲ” ಎಂದು ತುಳಸಾಬಾಯಿ ತಾವೇ ಕೈ ಮುಂದೆ ಮಾಡಿದರು. ಮೆಟ್ಟಿಲು ಇಳಿದಮೇಲೂ ಆ ಕೈ ಬಿಡಲಿಲ್ಲ.