ಹೊಡೆಯೋ ಮುಂಚೆ ಒಮ್ಮೆ ನೋಡು

ಬಾಣಲೆ ನನ್ನ ಮೂಗಿಗೆ ನಿಜವಾಗಿಯೇ ಬಿತ್ತು. ರಬ್ಬರ್ ಬಾಣಲೆಯೇ, ಒಪ್ಪಿಕೊಂಡೆ. ಆದರೆ ಮೂಗು ನನ್ನದು. ಕಣ್ಣಲ್ಲಿ ನೀರು ಬಂದು, ನಾನು ಬೀಳಬೇಕಾದ ಕಡೆ ಬೀಳದೆ, ಪಕ್ಕದಲ್ಲಿ ಜೋಡಿಸಿಟ್ಟಿದ್ದ ತಟ್ಟೆಗಳ ಮೇಲೆ ಹೋಗಿ ಕೂತುಬಿಟ್ಟೆ.

"ಕಟ್! ಏನಾಗಿದೆ ನಿಮ್ಮಿಬ್ಬರಿಗೂ?" ಎಂದು ಫೈಟ್ ಮಾಸ್ಟರ್ ಕೂಗಿದರು.

ಇಬ್ಬರಿಗೂ ಅಂತೆ! ಹೊಡೆದವನು ಅವನು. ಹೊಡೆದ ಮೇಲಾದರೂ ನನ್ನ ಕಡೆ ನೋಡಿದನೇ? ಇಲ್ಲ. ತಪ್ಪೆಲ್ಲ ಬಾಣಲೆಯದ್ದೇ ಎಂಬಂತೆ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ತಂಡದಲ್ಲಿ ಅವನನ್ನು ಎಲ್ಲರೂ ಸ್ಪ್ರಿಂಗ್ ಎನ್ನುತ್ತಾರೆ. ಗೋಡೆಗೆ ಎಸೆದರೂ ನಗುನಗುತ್ತಾ ವಾಪಸ್ ಬರುತ್ತಾನೆ. ನಾನು ಚೆಂಡು. ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸಿನಿಮಾದಲ್ಲಿ ಬೀಳುವುದು, ಉರುಳುವುದು, ಒದೆ ತಿನ್ನುವುದು ನಮ್ಮ ಕೆಲಸ. ಈ ಸಲದ್ದು ಕುಂಗ್‌ಫು ಕಾಮಿಡಿ. ಹೋಟೆಲಿನ ಅಡುಗೆಮನೆಗೆ ನುಗ್ಗಿದ ರೌಡಿ ಅವನು, ಏನೂ ಅರಿಯದೆ ಅವನ ದಾರಿಗೆ ಅಡ್ಡ ಬರುವ ಸಪ್ಲೈಯರ್ ಹುಡುಗಿ ನಾನು.

ನಗಿಸುವ ಫೈಟಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಹೊಡೆಯುವವರು ತಮಗೆ ತೋಚಿದಾಗ ಹೊಡೆಯುವ ಹಾಗಿಲ್ಲ. ಪೆಟ್ಟು ತಿನ್ನುವವರು ಕಣ್ಣಲ್ಲೇ ಹೂಂ ಅನ್ನಬೇಕು, ರೆಪ್ಪೆಯ ಒಂದು ಸಣ್ಣ ಬಡಿತ, ಅಷ್ಟೇ. ಅದನ್ನು ನೋಡಿ ಕೈ ಬೀಸಬೇಕು. ಕೈ ಮೂಗಿನ ಮುಂದೆ ಗಾಳಿಯಲ್ಲಿ ಹಾದುಹೋಗುತ್ತದೆ, ತಲೆಯನ್ನು ನಾವೇ ಎಸೆದುಕೊಳ್ಳುತ್ತೇವೆ. ಆಮೇಲೆ ತಕ್ಷಣ ಬೀಳಬಾರದು. ಒಂದು ಉಸಿರು ಹಾಗೇ ನಿಂತು, ಏನಾಯಿತಪ್ಪಾ ಎಂದು ಯೋಚಿಸಿ, ಆಮೇಲೆ ಬೀಳಬೇಕು. ಥಿಯೇಟರ್ ನಗುವುದು ಆ ಉಸಿರಿನಲ್ಲಿ. ಹೊಡೆದವನಿಗೆ ಶಿಳ್ಳೆ ಬೀಳಬಹುದು, ನಗು ಮಾತ್ರ ಪೆಟ್ಟು ತಿಂದವರದ್ದು.

ಸ್ಪ್ರಿಂಗ್ ನನ್ನ ಕಣ್ಣು ನೋಡುವುದನ್ನೇ ಬಿಟ್ಟಿದ್ದ. ಹಣೆ ನೋಡುತ್ತಾನೆ, ಕಿವಿ ನೋಡುತ್ತಾನೆ, ಏಪ್ರನ್ನಿನ ಗಂಟು ನೋಡುತ್ತಾನೆ. ಹೀಗಾದರೆ ಬಾಣಲೆ ಮೂಗಿಗೆ ಬೀಳದೆ ಇನ್ನೇನು?

"ಊಟ ಆದ್ಮೇಲೆ ಒಂದೇ ಒಂದು ಟೇಕ್," ಎಂದರು ಮಾಸ್ಟರ್. "ಅದೂ ಕೆಟ್ಟರೆ ಸ್ಪ್ರಿಂಗ್ ಹೇಳ್ದಂಗೇ ಅದಲು ಬದಲು. ಏಪ್ರನ್ ಅವನು ಹಾಕ್ಕೊಂಡು ಪೆಟ್ಟು ತಿನ್ಲಿ. ಚೆಂಡು, ನೀನು ರೌಡಿ ಕೋಟು ಹಾಕ್ಕೊಂಡು ಹೊಡಿ. ಕ್ಯಾಮೆರಾದಲ್ಲಿ ನಿನ್ನನ್ನ ಹಿಂದಿನಿಂದ ತಗೋತೀವಿ."

ಸ್ಪ್ರಿಂಗ್ ಹೇಳಿದ ಹಾಗೆ? ಅಂದರೆ ನನ್ನ ಶಾಟು ಇವನಿಗೆ ಬೇಕು!

ಇಷ್ಟು ವರ್ಷ ನಾನು ಸಿನಿಮಾದಲ್ಲಿ ಬರೀ ಬೆನ್ನು. ಹೀರೋಯಿನ್ ಮಹಡಿಯಿಂದ ಹಾರಿದರೆ ನನ್ನ ಬೆನ್ನು, ಮೆಟ್ಟಿಲಿಂದ ಉರುಳಿದರೆ ನನ್ನ ಬೆನ್ನು. ಅಮ್ಮ ಥಿಯೇಟರಿನಲ್ಲಿ ಪಕ್ಕದ ಸೀಟಿನವರಿಗೆ "ಅದು ನಮ್ಮ ಹುಡುಗಿ ಬೆನ್ನು ಕಣ್ರೀ" ಎಂದು ಹೇಳಿ ಬೈಸಿಕೊಂಡು ಬಂದಿದ್ದಾಳೆ. ಈ ಒಂದು ಶಾಟಿನಲ್ಲಿ ಮಾತ್ರ ಬಾಣಲೆ ಪೆಟ್ಟು ತಿಂದು, ಬುಗುರಿ ಥರ ತಿರುಗಿ, ದೊಡ್ಡ ಪಾತ್ರೆಯೊಳಗೆ ಕೂರುವ ನನ್ನ ಮುಖವನ್ನು ಪರದೆಯ ತುಂಬ ತೋರಿಸುತ್ತಾರೆ. ಅದನ್ನೂ ಇವನು ಕಿತ್ತುಕೊಳ್ಳಬೇಕೇ?

ವಿಗ್ ಅಕ್ಕ ನನ್ನ ಮೂಗಿಗೆ ಐಸ್ ಒತ್ತುತ್ತಾ ಕನ್ನಡಿಯಲ್ಲೇ ನನ್ನನ್ನು ನೋಡಿದಳು. ನಮ್ಮ ತಂಡದ ಕೂದಲು, ಗಡ್ಡ, ಮೀಸೆ ಎಲ್ಲ ಅವಳ ಕೈಯಲ್ಲಿದೆ. ನಮ್ಮ ಗುಟ್ಟುಗಳೂ.

"ಅಲ್ವೇ, ಅವನು ಉಳಿದೋರ ಕಣ್ಣೆಲ್ಲ ಸರಿಯಾಗೇ ನೋಡ್ತಾನಲ್ಲ?"

"ನನ್ನ ಕಂಡ್ರೆ ಆಗಲ್ಲ ಅವನಿಗೆ. ನಗು ತನಗೇ ಬೇಕು."

"ಹಾಗಂತೀಯಾ?" ಅಕ್ಕ ಬಾಯಲ್ಲಿದ್ದ ಪಿನ್ನು ತೆಗೆದು ನಕ್ಕಳು. "ನಿನಗೆ ಪೆಟ್ಟು ಮೂಗಿಗೆ ಬಿತ್ತೋ, ತಲೆಗೆ ಬಿತ್ತೋ?"

ಅವಳ ಮಾತು ಅರ್ಥಮಾಡಿಕೊಳ್ಳುವಷ್ಟು ತಾಳ್ಮೆ ನನಗಿರಲಿಲ್ಲ. ಏಪ್ರನ್ ಬಿಗಿದುಕೊಂಡು ಸೀದಾ ಸೆಟ್ಟಿಗೆ ಹೋದೆ.

ಎಲ್ಲರೂ ಊಟಕ್ಕೆ ಹೋಗಿದ್ದರು. ಅವನೊಬ್ಬನೇ ಆ ದೊಡ್ಡ ಪಾತ್ರೆಯ ಮುಂದೆ ಮಂಡಿಯೂರಿ, ಅದರ ಅಂಚಿಗೆ ಬಟ್ಟೆ ಸುತ್ತಿ ಟೇಪ್ ಅಂಟಿಸುತ್ತಿದ್ದ. ತೋಳಿನಿಂದ ಅಂಚನ್ನು ಉಜ್ಜಿ ನೋಡುತ್ತಾನೆ, ಚುಚ್ಚಿದರೆ ಇನ್ನೊಂದು ಸುತ್ತು ಹಾಕುತ್ತಾನೆ. ಬೈಯಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಆದರೂ ಬಂದ ಕೆಲಸ ಮುಗಿಸಬೇಕಲ್ಲ.

"ನನ್ನ ಶಾಟ್ ಕೇಳಿದ್ಯಂತೆ?"

ಬೆಚ್ಚಿಬಿದ್ದು ಟೇಪನ್ನು ತನ್ನ ಬೆರಳಿಗೇ ಅಂಟಿಸಿಕೊಂಡ. "ಶಾಟ್ ಅಲ್ಲ. ಪೆಟ್ಟು ಕೇಳ್ದೆ."

"ಎರಡೂ ಒಂದೇ! ಪೆಟ್ಟು ಯಾರಿಗೆ ಬೀಳುತ್ತೋ ಮುಖ ಅವರದ್ದು. ಇಷ್ಟು ವರ್ಷ ಬೆನ್ನು ತೋರಿಸಿ ಸಾಕಾಗಿದೆ ನನಗೆ. ಅಮ್ಮನಿಗೆ ಒಂದ್ಸಲ ಮುಖ ತೋರಿಸ್ಬೇಕು ಅಂತಿದ್ದೆ. ಅದಕ್ಕೂ ಕಲ್ಲು ಹಾಕ್ತಿದ್ದೀಯಲ್ಲ?"

ಅವನ ಮುಖ ಸಪ್ಪಗಾಯಿತು. ಗೋಡೆಗೆ ಎಸೆದಾಗಲೂ ಹೀಗಾದವನಲ್ಲ.

"ಅಷ್ಟು ದೂರ ಯೋಚ್ನೆ ಮಾಡ್ಲಿಲ್ಲ," ಎಂದ. "ಬೆಳಿಗ್ಗೆಯಿಂದ ಬೀಳ್ತಾನೇ ಇದ್ದೀಯ. ಪ್ರತಿ ಸಲನೂ ನನಗೆ..." ಎಂದು ಎದೆ ಮುಟ್ಟಿಕೊಂಡ. "ನಾನು ತಿಂದ್ರೆ ನಿನಗೆ ತಪ್ಪುತ್ತಲ್ಲ ಅಂತ, ಅಷ್ಟೇ."

"ಕಣ್ಣು ನೋಡಿ ಹೊಡೆದಿದ್ರೆ ತಾನಾಗೇ ತಪ್ತಿತ್ತು. ಯಾಕೆ ನೋಡಲ್ಲ?"

ಅವನು ಪಾತ್ರೆಯೊಳಗೆ ಇಣುಕಿದ, ಉತ್ತರ ಅಲ್ಲೇನಾದರೂ ಬಿದ್ದಿದೆಯೇನೋ ಎಂಬಂತೆ. ಅವನ ಕಿವಿಗಳು ಕೆಂಪಾಗುವುದನ್ನು ನಾನು ನಿಧಾನವಾಗಿ ನೋಡಿದೆ. ಮೊದಲು ತುದಿ, ಆಮೇಲೆ ಪೂರ್ತಿ.

"ನೋಡಿದ್ರೆ ನಿನಗೆ ಗೊತ್ತಾಗಿಬಿಡುತ್ತೆ."

"ಏನು?"

"ಅದೇ."

"ಅದೇ ಅಂದ್ರೆ?"

"ಚೆಂಡೂ, ಸಾಕು ಬಿಡು..."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಮೂಗು ನೋಯುತ್ತಿತ್ತು, ಕೆನ್ನೆ ಬಿಸಿಯಾಗಿತ್ತು. ಇವನು ನನಗೂ ಇಷ್ಟ ಎಂಬುದು, ವಿಗ್ ಅಕ್ಕನಿಗೆ ತಿಳಿದ ಎಷ್ಟೋ ಕಾಲದ ಮೇಲೆ, ನನಗೆ ತಿಳಿಯಿತು.

"ಗೊತ್ತಾಗ್ಲಿ," ಎಂದೆ. "ಆದ್ರೆ ಶಾಟ್ ನಂದು. ನನ್ನ ಕಾಪಾಡೋಕೆ ಬರಬೇಡ. ಸರಿಯಾಗಿ ಹೊಡಿ, ಚೆನ್ನಾಗಿ ಬೀಳೋದು ನನಗೆ ಬಿಡು."

ಅವನು ತಲೆಯಾಡಿಸಿದ. ಆಗಲೂ ನನ್ನ ಕಿವಿಯನ್ನೇ ನೋಡುತ್ತಿದ್ದ, ಪುಣ್ಯಾತ್ಮ.

ಊಟ ಮುಗಿಸಿ ಎಲ್ಲರೂ ಬಂದರು. ಲೈಟು ಹತ್ತಿತು. ವಿಗ್ ಅಕ್ಕ ನನ್ನ ಕೂದಲು ಸರಿ ಮಾಡಿ, ಬೇಕೆಂದೇ ಮುಂಗುರುಳು ಒಂದನ್ನು ಕೆನ್ನೆಗೆ ಇಳಿಬಿಟ್ಟು ಹೋದಳು. ಮಾಸ್ಟರ್ "ಆಕ್ಷನ್" ಎಂದರು.

ತೂಗುಬಾಗಿಲು ತಳ್ಳಿಕೊಂಡು ತಟ್ಟೆ ಹಿಡಿದು ಬಂದೆ. ಎದುರಿಗೆ ಅವನು, ಬಾಣಲೆ ಎತ್ತಿ ನಿಂತಿದ್ದಾನೆ. ಕಣ್ಣು ನನ್ನ ಗಲ್ಲದ ಮೇಲಿತ್ತು. ಅಲ್ಲಿಂದ ಮೂಗಿಗೆ ಬಂತು, ಅಲ್ಲೇ ಹಿಂಜರಿಯಿತು. ಬಾರೋ, ಇನ್ನೊಂದು ಚೂರು ಮೇಲೆ ಬಾ ಎಂದು ಮನಸ್ಸಿನಲ್ಲೇ ಗೋಗರೆದೆ. ಬಂತು. ಅವನು ನನ್ನ ಕಣ್ಣು ನೋಡಿದ.

ಅಯ್ಯೋ, ಇದನ್ನು ಬಚ್ಚಿಡಲು ಇಷ್ಟು ಒದ್ದಾಡಿದನೇ ಎನಿಸಿತು. ಎಲ್ಲವೂ ಅಲ್ಲೇ ಇತ್ತು, ಭಯ, ಆಸೆ, ಕ್ಷಮಿಸು ಎಂಬ ಮಾತು. ನಾನು ರೆಪ್ಪೆ ಬಡಿದೆ. ಅದು ಹೊಡಿ ಎಂಬುದಕ್ಕೆ ಮಾತ್ರ ಕೊಟ್ಟ ಹೂಂ ಆಗಿರಲಿಲ್ಲ, ಅವನಿಗೂ ಅದು ತಿಳಿಯಿತು. ರೌಡಿ ನಗಬಾರದ ಜಾಗದಲ್ಲಿ ಮುಖವೆಲ್ಲ ಅರಳಿಸಿ ನಕ್ಕ. ನಗುತ್ತಲೇ ಬಾಣಲೆ ಬೀಸಿದ.

ಗಾಳಿ ಮೂಗನ್ನು ಸವರಿಕೊಂಡು ಹೋಯಿತು. ತಲೆ ಎಸೆದೆ. ಒಂದು ಉಸಿರು ನಿಂತೆ. ಬುಗುರಿಯ ಹಾಗೆ ತಿರುಗಿ, ಕಾಲು ಮೇಲೆ ಮಾಡಿ, ಮೆತ್ತಗೆ ಪಾತ್ರೆಯೊಳಗೆ ಕೂತೆ. ಕೈಯಿಂದ ಹಾರಿದ್ದ ತಟ್ಟೆ ಮೇಲಿಂದ ಬಂದು ನನ್ನ ತಲೆಯ ಮೇಲೆ ಟೋಪಿಯಂತೆ ಕೂತಿತು. ಕ್ಯಾಮೆರಾ ಹತ್ತಿರ ಬಂತು. ಪರದೆಯ ತುಂಬ ನಾನೇ ನಾನು.

"ಕಟ್! ಓಕೆ!" ಮಾಸ್ಟರ್ ಕಣ್ಣೊರೆಸಿಕೊಂಡು ನಗುತ್ತಿದ್ದರು. ಸೆಟ್ಟಿಡೀ ನಗುತ್ತಿತ್ತು. "ಲೇ ಸ್ಪ್ರಿಂಗ್, ಹೊಡೆಯೋ ಮುಂಚೆ ನಕ್ಕೆಯಲ್ಲ, ಯಾರೋ ಹೇಳಿಕೊಟ್ಟಿದ್ದು? ಇರ್ಲಿ, ಹಾಗೇ ಇಟ್ಕೊಳ್ಳೋಣ."

ಅವನಿಗೆ ಅದು ಕೇಳಿಸಿತೋ ಇಲ್ಲವೋ. ಬಾಣಲೆ ಕೆಳಗಿಟ್ಟು, ನನ್ನನ್ನು ಎತ್ತಲು ಕೈ ಚಾಚಿದ. ಕಣ್ಣು ಮಾತ್ರ ನನ್ನ ಕಣ್ಣಲ್ಲೇ ಇತ್ತು.

"ಕಟ್ ಅಂದ್ರು ಕಣೋ," ಎಂದು ಪಿಸುಗುಟ್ಟಿದೆ.

"ಗೊತ್ತು."

"ಇನ್ನೂ ನೋಡ್ತಿದ್ದೀಯ."

"ನೋಡ್ತೀನಿ," ಎಂದ. "ನಿನ್ನನ್ನ ಪ್ರೀತಿಸ್ತೀನಿ. ಇನ್ನು ಎಲ್ಲಿ ನೋಡ್ಲಿ?"

ಅವನ ಕೈ ಹಿಡಿದೆ. ಆದರೆ ಪಾತ್ರೆಯಿಂದ ಏಳಲು ಅವಸರ ಮಾಡಲಿಲ್ಲ.